ತೋಕಿಯೋದಲ್ಲಿ ಹೆಣ್ಣು ನೋಡುವ ಶಾಸ್ತ್ರ

ಜಪಾನಿಗೆ ಹೋಗಿ ಬಂದಿದ್ದೇನೆ ಎಂದರೆ ಮಳವಳ್ಳಿಯಲ್ಲಿ ಜನ ಕೇಳುವುದೇ ಬೇರೆ. ವಿಮಾನದಲ್ಲಿ ಹೆದರಿಕೆಯಾಗಲಿಲ್ಲವೇ, ಟ್ರಾನ್ಸಿಸ್ಟರ್ ತಂದಿರಾ, ಅಲ್ಲಿಯವರು ಹಾವು ತಿನ್ನುತ್ತಾರಂತೆ ಹೌದೇ? ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ ಅಂತೂ, "ಫ್ಯೂಜಿ ಪರ್ವತ ನೋಡಿದಿರಾ?" ಎಂದು ಕೇಳಿ, ನಾನು ಇಲ್ಲ ಎಂದಾಗ, ಹೋದದ್ದೇ ದಂಡ ಎನ್ನುವಂತೆ ಮುಖ ಮಾಡಿದರು. ವರ್ಷವರ್ಷವೂ ಭೂಗೋಳದ ಪಾಠದಲ್ಲಿ ಬೋರ್ಡಿನ ಮೇಲೆ ಆ ಪರ್ವತವನ್ನು ಬರೆದು ಬರೆದು ಸುಣ್ಣದ ಕಡ್ಡಿ ಸವೆಸಿದವಳು ನಾನು. ಅದನ್ನು ನೋಡದೆಯೇ ಬಂದೆ. ನೋಡಿದ್ದು ಒಂದು ಮರದ ಹಲಗೆ, ಅದರಾಚೆ ಒಬ್ಬ ಹಟಮಾರಿ ಮುದುಕ, ಈಚೆ ನಮ್ಮ ದೊಡ್ಡಪ್ಪ. ಇವರಿಬ್ಬರ ನಡುವೆ ಸಿಕ್ಕಿಕೊಂಡು ಪಟ್ಟ ಪಾಡನ್ನೇ ಪ್ರವಾಸ ಎಂದು ಕರೆಯಬೇಕಾದರೆ, ನಾನು ಪ್ರವಾಸ ಮಾಡಿ ಬಂದಿದ್ದೇನೆ. ಖರ್ಚೆಷ್ಟಾಯಿತು, ಯಾವ ವಿಮಾನ, ಎಷ್ಟು ಹೊತ್ತಿಗೆ ಇಳಿದಿರಿ ಎಂದು ಮಾತ್ರ ದಯವಿಟ್ಟು ಯಾರೂ ಕೇಳಬೇಡಿ.

ಆತಗೂರು

ನನ್ನ ತಮ್ಮ ಸಿದ್ದರಾಜು ಗದ್ದೆ ಉಳುವ ಟಿಲ್ಲರ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ತರಬೇತಿಗೆಂದು ತೋಕಿಯೋಗೆ ಹೋದವನು. ತರಬೇತಿ ಮುಗಿಸಿ ಬಂದರೆ ಮಂಡ್ಯದ ಒಂದು ವರ್ಕ್‌ಶಾಪಿನಲ್ಲಿ ಕೆಲಸವೂ ಕಾದಿತ್ತು. ನಮ್ಮ ಅಪ್ಪ ಅವ್ವ ಇಬ್ಬರೂ ಅವನು ಸಣ್ಣವನಿದ್ದಾಗಲೇ ತೀರಿಕೊಂಡರು. ನನ್ನ ಗಂಡನೂ ಹೆಚ್ಚು ದಿನ ಬಾಳಲಿಲ್ಲ. ಕೆಲಸ ಸಿಕ್ಕಿದ ಮಳವಳ್ಳಿಯಲ್ಲಿ ಒಂದು ಬಾಡಿಗೆ ಮನೆ ಮಾಡಿ, ತಮ್ಮನನ್ನು ಜೊತೆಯಲ್ಲಿಟ್ಟುಕೊಂಡು ಓದಿಸಿದೆ. ಓದಿಸಿದ್ದು ನಾನಾದರೂ ಮನೆಯ ಯಜಮಾನಿಕೆ ಮಾತ್ರ ಆತಗೂರಿನ ದೊಡ್ಡಪ್ಪ ಬೋರೇಗೌಡರದು. ಅದು ಹಾಗೇ. ಯಾರೂ ತೀರ್ಮಾನ ಮಾಡಿದ್ದಲ್ಲ.

ಮಿಚಿಕೊ ಎಂಬ ಹುಡುಗಿಯನ್ನು ಮೆಚ್ಚಿಕೊಂಡಿದ್ದೇನೆ, ಮದುವೆಯಾಗಿ ಮಂಡ್ಯಕ್ಕೇ ಕರೆದುಕೊಂಡು ಬರುತ್ತೇನೆ ಎಂದು ಸಿದ್ದರಾಜು ತಿಳಿಸಿದ. ಅವಳಿಗೂ ತಾಯಿಯಿಲ್ಲ, ಇರುವುದು ಅಪ್ಪ ಒಬ್ಬನೇ. ಹುಡುಗನ ಮನೆಯ ಹಿರಿಯರನ್ನು ಕಣ್ಣಾರೆ ನೋಡದೆ ಮಗಳನ್ನು ಕೊಡುವುದಿಲ್ಲ ಎಂದು ಆತ ಪಟ್ಟು ಹಿಡಿದಿದ್ದನಂತೆ. ಆದ್ದರಿಂದ ನೀನೂ ದೊಡ್ಡಪ್ಪನೂ ಬೇಸಿಗೆ ರಜೆಯಲ್ಲಿ ಬರಲೇಬೇಕು ಎಂದು ತಮ್ಮ ದುಂಬಾಲು ಬಿದ್ದ.

ನಾನು ಆತಗೂರಿಗೆ ಹೋಗಿ ಜಗಲಿಯ ಮೇಲೆ ಕೂತು ವಿಷಯ ಹೇಳಿದೆ. ಜಪಾನಿನ ಹುಡುಗಿ ಎಂದಾಗ ದೊಡ್ಡಪ್ಪ ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದೇ ಬೇರೆ.

"ಅವ್ರಪ್ಪ ಏನ್ ಮಾಡ್ಕಂಡವ್ನೆ?"

"ಹೋಟೆಲ್ ಇಟ್ಟಿದಾರಂತೆ. ಭಾರಿ ದೊಡ್ಡ ಮನುಷ್ಯರೆಲ್ಲ ಬರೋ ಹೋಟೆಲಂತೆ."

"ಓಟ್ಲೋನ್ ಮಗ್ಳಾ!" ಎಂದು ಅವರು ಎಲೆಅಡಿಕೆ ಉಗಿದು ಬಂದರು. "ಎಷ್ಟೇ ದೊಡ್ ಓಟ್ಲಾದ್ರೂ ಓಟ್ಲು ಓಟ್ಲೇ ಕಣವ್ವ. ಭೂಮಿ ಎಷ್ಟೈತಂತೆ?"

ಭೂಮಿ ಇಲ್ಲ ಎಂದೆ. ದೊಡ್ಡಪ್ಪ ಒಂದು ವಾರ ಮಾತಾಡಲಿಲ್ಲ. ಆಮೇಲೆ ಯಾರು ಏನು ಹೇಳಿದರೋ, ಊರಿನವರ ಮುಂದೆಲ್ಲ, "ನೋಡ್ಕಂಡ್ ಬತ್ತೀನಿ, ಒಪ್ಕಂಡ್ ಬರಾಕಿಲ್ಲ" ಎಂದು ಸಾರಿ, ಹೊರಟು ನಿಂತರು. ಒಂದು ಟ್ರಂಕಿನ ತುಂಬ ತೆಂಗಿನಕಾಯಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆ, ಅಡಿಕೆ, ಅಚ್ಚುಬೆಲ್ಲ, ಮದ್ದೂರು ವಡೆ. ಇನ್ನೊಂದು ಟ್ರಂಕು ಬೇಡ ಎನ್ನಿಸಲು ನಾನು ಅವರ ಜೊತೆ ಅರ್ಧ ದಿನ ಜಗಳವಾಡಬೇಕಾಯಿತು.

ವಿಮಾನ ನಿಲ್ದಾಣ

ಜಪಾನಿನವರ ಶಿಸ್ತಿನ ಬಗ್ಗೆ ಮಕ್ಕಳಿಗೆ ಹೇಳುತ್ತಾ ಬಂದವಳು ನಾನು. ಆ ಶಿಸ್ತು ನಮ್ಮ ಟ್ರಂಕಿನ ಮೇಲೆ ಬಂದು ಬೀಳುತ್ತದೆ ಎಂದು ಯಾರಿಗೆ ಗೊತ್ತಿತ್ತು? ಬಿಳಿಯ ಕೈಗವಸು ತೊಟ್ಟ ಅಧಿಕಾರಿಯೊಬ್ಬ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗೆ ನೀರು ಕುಲುಕಿದ್ದು ಕೇಳಿ ಗಾಬರಿಯಾಗಿ ಇನ್ನೊಬ್ಬನನ್ನು ಕರೆದ. ಇಬ್ಬರೂ ನಮಗೆ ಸೊಂಟ ಬಗ್ಗಿಸಿ ನಮಸ್ಕರಿಸಿದರು, ನಗುತ್ತಲೇ ವೀಳ್ಯದೆಲೆ, ಅಡಿಕೆ, ಕಾಯಿ ಎಲ್ಲವನ್ನೂ ಕಿತ್ತುಕೊಂಡರು. ಹೊರದೇಶದ ಗಿಡಮರದ ಪದಾರ್ಥ ಒಳಗೆ ಬರುವಂತಿಲ್ಲವಂತೆ. ಬೆಲ್ಲವನ್ನು ಮೂಸಿ ನೋಡಿ, ಏನೆಂದು ಅರ್ಥವಾಗದೆ, ವಾಪಸ್ಸು ಇಟ್ಟರು.

"ತಾಂಬೂಲ್ವೇ ಕಿತ್ಕಂಡ್ರಲ್ಲವ್ವ" ಎಂದು ದೊಡ್ಡಪ್ಪ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಕಚ್ಚೆಪಂಚೆ, ರುಮಾಲು, ಮೇಲೊಂದು ಕರೀ ಕೋಟು. ಹಿಂದೆ ನಿಂತ ಜನ ಒಬ್ಬರಾದರೂ ಗೊಣಗಬೇಡವೇ? ಇಲ್ಲ. ಗೋಡೆಗೆ ಒರಗಿಸಿಟ್ಟ ಕೊಡೆಗಳ ಹಾಗೆ ಸುಮ್ಮನೆ ನಿಂತೇ ಇದ್ದರು. ನಮ್ಮ ಬಸ್‌ಸ್ಟ್ಯಾಂಡಿನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ನಾಲ್ಕು ಜನ ಬೈದು, ನಾಲ್ಕು ಜನ ನಮ್ಮ ಪರ ವಹಿಸಿ, ವ್ಯವಹಾರ ಮುಗಿದೇ ಹೋಗಿರುತ್ತಿತ್ತು. ಅವರ ಆ ಮೌನ ನೋಡಿ ನನಗೆ ಇನ್ನಷ್ಟು ನಾಚಿಕೆಯಾಯಿತು.

ಹೊರಗೆ ಸಿದ್ದರಾಜು ನಿಂತಿದ್ದ. ಪಕ್ಕದಲ್ಲಿ ಮಿಚಿಕೊ. ದುಂಡು ಮುಖ, ನೀಲಿ ಫ್ರಾಕು, ಕೈಯಲ್ಲಿ ನಮಗೆಂದು ಹೂವು. ನಮ್ಮನ್ನು ನೋಡಿದ್ದೇ ಬಗ್ಗಿ ನಮಸ್ಕರಿಸಿ, ಬಾಯಿಪಾಠ ಒಪ್ಪಿಸುವ ಹುಡುಗಿಯಂತೆ, "ಬನ್ನಿ ದೊಡ್ಡಪ್ಪ. ಬನ್ನಿ ಅಕ್ಕ. ಚೆಂದಾಗಿದ್ದೀರಾ? ಊಟ ಆಯ್ತ್ರಾ?" ಎಂದಳು.

ದೊಡ್ಡಪ್ಪ ತಬ್ಬಿಬ್ಬಾದರು. ನನಗೆ ತಮ್ಮನ ಮೇಲೆ ಸಿಟ್ಟು ಬಂತು. ಎಷ್ಟು ವರ್ಷ ಅವನ ಬಾಯಲ್ಲಿ ಹಕಾರ ಕೂರಿಸಲು ಒದ್ದಾಡಿದ್ದೆ! ಈಗ ನೋಡಿದರೆ ಆ ಹುಡುಗಿಯೂ "ನಿಮ್ ಅಳ್ಳಿ ನೋಡ್ಬೇಕು" ಎನ್ನುತ್ತಿದ್ದಾಳೆ.

"ಇದೇನ್ ಕನ್ನಡಾನೋ ಕಲಿಸಿರೋದು?" ಎಂದೆ.

"ನನಗೆ ಬರೋದನ್ನ ಕಲಿಸಿದೀನಿ ಕಣಕ್ಕ" ಎಂದು ಅವನು ಹಲ್ಲು ಬಿಟ್ಟ. ಆ ನಗುವಿನ ಹಿಂದೆ ಎಷ್ಟು ಹೆದರಿದ್ದಾನೆ ಎಂದು ನನಗೆ ಆಗಲೇ ಗೊತ್ತಾಯಿತು.

ತೋಕಿಯೋ, ರೈಲು ಮತ್ತು ಬಿಸಿನೀರು

ಈ ಊರಿನ ರೈಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಆದರೆ ಒಬ್ಬರೂ ಬಾಯಿ ಬಿಡುವುದಿಲ್ಲ. ದೊಡ್ಡಪ್ಪನಿಗೆ ಮಾತೆಂದರೆ ಈ ಬದುವಿನಿಂದ ಆ ಬದುವಿಗೆ ಕೂಗುವುದು. "ಲೇ ಸಿದ್ದ, ಇವ್ರೆಲ್ಲ ಯಾರ್ನಾದ್ರೂ ಮಣ್ ಮಾಡಕ್ ಓಯ್ತಾವ್ರೇನ್ಲಾ?" ಎಂದು ಅವರು ಕೇಳಿದಾಗ ಇಡೀ ಬೋಗಿ ಒಮ್ಮೆ ನಮ್ಮ ಕಡೆ ತಿರುಗಿ, ಮತ್ತೆ ಪೇಪರಿನೊಳಕ್ಕೆ ಮುಖ ಹಾಕಿಕೊಂಡಿತು.

ನಾವು ಇಳಿದುಕೊಂಡ ಛತ್ರದಂಥ ಮನೆಯಲ್ಲಿ ಎಲ್ಲದಕ್ಕೂ ಒಂದೊಂದು ಜೊತೆ ಚಪ್ಪಲಿ. ಓಡಾಡಲು ಒಂದು, ಕಕ್ಕಸಿಗೆ ಒಂದು, ಚಾಪೆಯ ಮೇಲೆ ಯಾವುದೂ ಇಲ್ಲ. ಸ್ನಾನಕ್ಕೆ ಊರಿನ ಗಂಡಸರೆಲ್ಲ ಒಂದೇ ತೊಟ್ಟಿಯಲ್ಲಿ ಹುಟ್ಟುಡುಗೆಯಲ್ಲಿ ಕೂರುತ್ತಾರೆ ಎಂದು ತಿಳಿದ ಮೇಲೆ ದೊಡ್ಡಪ್ಪ ಸ್ನಾನವನ್ನೇ ಬಿಟ್ಟರು. "ಒಂದ್ ಚೆಂಬು ನೀರ್ ಕೊಡಕ್ ಗತಿ ಇಲ್ವಾ?" ಎಂದು ರೇಗಿದರು. ಕೊನೆಗೆ ಮನೆಯೊಡತಿಯ ಕಣ್ಣು ತಪ್ಪಿಸಿ, ಹಿತ್ತಲಿನ ನಲ್ಲಿಯ ಕೆಳಗೆ, ಪಂಚೆ ಉಟ್ಟುಕೊಂಡೇ ಕೂತು ಮುಗಿಸಿದರು. ಆಕೆ ಬಂದು ನೋಡಿ, ತಾನೇ ತಪ್ಪು ಮಾಡಿದವಳಂತೆ ಕ್ಷಮೆ ಕೇಳಿದಳು. ಕ್ಷಮೆ ಕೇಳಿಸಿಕೊಂಡು ಕೇಳಿಸಿಕೊಂಡು ನನಗೆ ಸಾಕಾಗಿಹೋಗಿತ್ತು.

ಒಂದೇ ಒಂದು ಸಲ ದೊಡ್ಡಪ್ಪನ ಮುಖ ಅರಳಿದ್ದು ಸಿದ್ದರಾಜುವಿನ ಕಾರ್ಖಾನೆಗೆ ಹೋಗುವ ದಾರಿಯಲ್ಲಿ. ರೈಲಿನ ಎರಡೂ ಕಡೆ ನೀರು ಕಟ್ಟಿದ ಗದ್ದೆ, ಜನ ನಾಟಿ ಹಾಕುತ್ತಿದ್ದರು. ಅವರು ಕಿಟಕಿಗೆ ಮೂಗು ಒತ್ತಿ ಕೂತರು. "ಸಾಲ್ ನೋಡ್ಲಾ, ಸಾಲು! ದಾರ ಇಡ್ದಂಗೈತೆ. ನಿಲ್ಸಕ್ ಏಳ್ಲಾ ರೈಲ್ನ" ಎಂದರು. ಅದು ಎಲ್ಲೆಂದರಲ್ಲಿ ನಿಲ್ಲುವುದಿಲ್ಲ ಎಂದು ಸಿದ್ದರಾಜು ಹೇಳಿದ. ಮದ್ದೂರಿನ ಪ್ರೈವೇಟ್ ಬಸ್ಸೇ ಎಷ್ಟೋ ವಾಸಿ ಎಂದು ಮತ್ತೆ ಮುಖ ಗಂಟು ಹಾಕಿಕೊಂಡರು.

ಛತ್ರದ ಕೋಣೆ

ಮಿಚಿಕೊಳ ಅಪ್ಪ ಒಕಾದಾ ನಮ್ಮನ್ನು ಸಂಜೆ ತಮ್ಮ ಹೋಟೆಲಿಗೇ ಕರೆದಿದ್ದರು. ಹೋಟೆಲೆಂದರೆ ಎಂಟೇ ಜನ ಕೂರುವ ಅಂಗಡಿ. ಅಲ್ಲಿ ಒಂದು ಪೀಠ ಸಿಗಲು ಮಂತ್ರಿಗಳೂ ದಿನಗಟ್ಟಲೆ ಕಾಯುತ್ತಾರೆ, ಇವತ್ತು ಬಾಗಿಲ ಪರದೆ ಒಳಗೆ ತೆಗೆದು ನಮಗಾಗಿಯೇ ಅಂಗಡಿ ಮುಚ್ಚಿದ್ದಾರೆ ಎಂದು ಸಿದ್ದರಾಜು ಹೆಮ್ಮೆಯಿಂದ ಹೇಳಿದ.

"ಏನು ಕೊಡ್ತಾರೆ ಅಲ್ಲಿ?" ಎಂದು ನಾನು ಕೇಳಿದೆ.

"ಅದನ್ನ ಕೇಳಂಗಿಲ್ಲ ಅಕ್ಕ. ಒಮಕಾಸೆ ಅಂತಾರೆ. ಏನು ಕೊಡ್ಬೇಕು, ಎಷ್ಟು ಕೊಡ್ಬೇಕು ಅನ್ನೋದೆಲ್ಲ ಅವರಿಗೇ ಬಿಟ್ಟಿದ್ದು. ಅನ್ನದ ಮೇಲೆ ಮೀನು ಇಟ್ಟು ಒಂದೊಂದೇ ತುತ್ತು ಮಾಡಿ ಕೊಡ್ತಾರೆ. ಕೊಟ್ಟ ತಕ್ಷಣ ತಿನ್ಬೇಕು." ಸ್ವಲ್ಪ ತಡೆದು ಸೇರಿಸಿದ. "ಹಸಿ ಮೀನು."

ಮೀನು ತಿನ್ನದವರೇನೂ ಅಲ್ಲ ನಾವು. ಆದರೆ ನಮ್ಮಲ್ಲಿ ಮೀನು ಎಂದರೆ ಹುಣಸೆಹುಳಿ, ಖಾರದಪುಡಿ, ಹುರಿದ ಮಸಾಲೆಯಲ್ಲಿ ಕುದಿದು ಕುದಿದು ತನ್ನ ಪೂರ್ವಾಶ್ರಮ ಮರೆತಿರಬೇಕು. ದೊಡ್ಡಪ್ಪ ಹಸಿ ಮೀನಿನ ಬಗ್ಗೆ ಏನೂ ಅನ್ನದೆ ತಣ್ಣಗೆ ಕೂತದ್ದು ನೋಡಿ ನನಗೆ ಅನುಮಾನ ಬಂತು. ಸಿದ್ದರಾಜು ಮುಖ ತೊಳೆಯಲು ಎದ್ದು ಹೋದ ಮೇಲೆ ಅವರು ಬಾಯಿ ಬಿಟ್ಟರು.

"ಎಂಗಿದ್ರೂ ನಾನ್ ತಿನ್ನಾಕಿಲ್ವಲ್ಲ. ಎಣ್ ನೋಡಕ್ ಓದೋರು ಎಣ್ಣಿನ್ ಮನೇಲಿ ಉಪ್ ಬಿದ್ದಿದ್ದುನ್ನ ಉಂಡ್ರೆ ಒಪ್ಪುದಂಗೆ ಕಣವ್ವ. ಉಂಡ್ಮೇಕೆ ಬ್ಯಾಡ ಅನ್ನಕ್ಕಾಯ್ತದಾ? ಟೀ ಕೊಟ್ರೆ ಕುಡೀತೀನಿ, ಅಷ್ಟೆ."

ನನಗೆ ತಲೆ ತಿರುಗಿತು. ಈ ಪದ್ಧತಿ ನನಗೂ ಗೊತ್ತಿದ್ದದ್ದೇ. ನಮ್ಮ ಕಡೆ ಮಾತು ಮುಗಿಯುವವರೆಗೆ ಹೆಣ್ಣಿನ ಮನೆಯಲ್ಲಿ ಎಲೆ ಹಾಕಿಸಿಕೊಳ್ಳುವುದಿಲ್ಲ. ಆದರೆ ಅಲ್ಲಿ ಊಟ ಬಿಟ್ಟು ಬಾಳೆಹಣ್ಣು, ಕಾಫಿ ಕೊಡುತ್ತಾರೆ, ಮಾತಾಡುತ್ತಾರೆ, ಎದ್ದು ಬರುತ್ತಾರೆ. ಇಲ್ಲಿ ಆತ ಕರೆದಿರುವುದೇ ತನ್ನ ಕೈಯಿಂದ ತಿನ್ನಿಸುವುದಕ್ಕೆ. ತಿನ್ನದಿದ್ದರೆ ಮುಖಕ್ಕೆ ಹೊಡೆದಂತೆ.

"ಅವರಿಗೆ ನಮ್ಮ ಶಾಸ್ತ್ರ ಹ್ಯಾಗೆ ಗೊತ್ತಾಗ್ಬೇಕು ದೊಡ್ಡಪ್ಪ? ಅವಮಾನ ಅಂದ್ಕೊಳ್ಳಲ್ವಾ? ಸಿದ್ದನ ಗತಿಯೇನು?"

"ನೀನ್ ತಿನ್ನು. ನೀನ್ ತಿಂದ್ರೆ ಅವ್ನ ಮರ್ವಾದೆನೂ ಉಳೀತು, ನಮ್ ಮಾತೂ ಉಳೀತು. ಎಂಗುಸ್ರು ತಿಂದ್ರೆ ಲೆಕ್ಕಕ್ಕಿಲ್ಲ."

ಇದನ್ನು ಅವರು ಸಮಾಧಾನವಾಗಿ, ನನಗೆ ಉಪಕಾರ ಮಾಡುವವರ ಹಾಗೆ ಹೇಳಿದರು. ಸಿದ್ದನಿಗೆ ಜ್ವರ ಬಂದಾಗ ರಾತ್ರಿಯೆಲ್ಲ ಕೂತವಳು ನಾನು, ಫೀಸು ಕಟ್ಟಿದವಳು ನಾನು, ಈಗ ಹಸಿ ಮೀನು ತಿನ್ನಬೇಕಾದವಳೂ ನಾನೇ. ಒಪ್ಪಿಗೆ ಮಾತ್ರ ಅವರದು. ಸಿದ್ದರಾಜು ಬಂದ ಮೇಲೆ ವಿಷಯ ಹೇಳಿದೆ. ಅವನು ದೊಡ್ಡಪ್ಪನ ಕಾಲು ಹಿಡಿದ. "ಒಂದೇ ಒಂದು ತಿನ್ನು ದೊಡ್ಡಪ್ಪ" ಎಂದ. "ಒಂದ್ ತಿಂದ್ರೂ ಒಂದೇ, ನೂರ್ ತಿಂದ್ರೂ ಒಂದೇ ಕಣ್ಲಾ" ಎಂದು ದೊಡ್ಡಪ್ಪ ಕೋಟು ತೊಟ್ಟುಕೊಂಡರು.

ಹಲಗೆಯ ಮುಂದೆ

ಸಂದಿಯೊಂದರ ಕೊನೆಯಲ್ಲಿ ಬೋರ್ಡೂ ಇಲ್ಲದ ಮರದ ಬಾಗಿಲು. ಒಳಗೆ ಗೋಡೆಯಿಂದ ಗೋಡೆಗೆ ಒಂದೇ ಉದ್ದನೆಯ ಹಲಗೆ, ಬಣ್ಣವಿಲ್ಲ, ಪಾಲಿಶ್ ಇಲ್ಲ, ಉಜ್ಜಿ ಉಜ್ಜಿ ರೇಷ್ಮೆಯಂತಾಗಿತ್ತು. ಅದರಾಚೆ ಬಿಳಿಯ ಅಂಗಿ ತೊಟ್ಟು ಬೋಳುತಲೆಯ ಒಕಾದಾ ನಿಂತಿದ್ದರು. ದೊಡ್ಡಪ್ಪನ ವಯಸ್ಸೇ, ದೊಡ್ಡಪ್ಪನ ಹಾಗೇ ಬಿಗಿದ ತುಟಿ. ಈಚೆ ಎಂಟು ಪೀಠ. ಸಿದ್ದರಾಜು ನನ್ನನ್ನು ಸರಿಯಾಗಿ ಅವರ ಎದುರಿಗೆ ಕೂರಿಸಿದ, ನನ್ನ ಎಡಕ್ಕೆ ದೊಡ್ಡಪ್ಪ, ಅವರಾಚೆ ತಾನು ಕೂತ. ಮಿಚಿಕೊ ನನ್ನ ಬಲಗಡೆ, ಹಲಗೆಯ ತುದಿಯಲ್ಲಿ ಏಪ್ರನ್ ಕಟ್ಟಿಕೊಂಡು, ಟೀ ಹೂಜಿ ಹಿಡಿದು ನಿಂತಳು.

ನಮ್ಮ ಹೋಟೆಲುಗಳಲ್ಲಿ ಮಾಣಿ ಉಸಿರು ಬಿಡದೆ ಇಡ್ಲಿ ವಡೆ ದೋಸೆ ಪೂರಿ ಎಂದು ಪಟ್ಟಿ ಒಪ್ಪಿಸುತ್ತಾನೆ. ನಾವು ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ ಒಂದು ಕಾಫಿ ಹೇಳುತ್ತೇವೆ. ಇಲ್ಲಿ ಸದ್ದೇ ಇಲ್ಲ. ಸಾಸಿವೆ ಸಿಡಿಯುವ ಸದ್ದಿಲ್ಲ, ಒಗ್ಗರಣೆಯ ಘಮವಿಲ್ಲ, ಒಲೆಯೇ ಕಾಣುವುದಿಲ್ಲ. ಒಕಾದಾ ಮೀನೊಂದನ್ನು ಕೊಯ್ದರು, ಒದ್ದೆ ಕೈಯಲ್ಲಿ ಒಂದು ಹಿಡಿ ಅನ್ನ ತೆಗೆದು ಎರಡು ಸಲ ಒತ್ತಿ, ಮೀನಿನ ಚೂರು ಕೂರಿಸಿ, ಏನೋ ಕಪ್ಪು ರಸ ಸವರಿ, ನನ್ನ ಮುಂದೆ ಇಟ್ಟರು. ಎಲ್ಲ ಸೇರಿ ಹೆಬ್ಬೆರಳಿನಷ್ಟು. ಇದಕ್ಕಾಗಿ ಮಂತ್ರಿಗಳು ಕಾಯುತ್ತಾರಂತೆ!

ಅನ್ನವನ್ನು ಸಾರಿಲ್ಲದೆ ತಿನ್ನುವುದು ನನಗಾಗದು. ಪಕ್ಕದಲ್ಲಿ ಚಿಕ್ಕ ಬಟ್ಟಲಿನಲ್ಲಿ ಅದೇ ಕಪ್ಪು ರಸ ಇತ್ತು. ಸಾರು ಎಂದುಕೊಂಡು ಅದನ್ನೆತ್ತಿ ಸುರಿಯಲು ಹೋದೆ. ಹಲಗೆಯಾಚೆಯಿಂದ ಒಂದು ಕೈ ಬಂದು ಬಟ್ಟಲನ್ನು ಮೆಲ್ಲಗೆ ಆಚೆ ಸರಿಸಿತು. ಅವರು ನನ್ನ ಮುಖವನ್ನೂ ನೋಡಲಿಲ್ಲ. ಇಷ್ಟು ವಯಸ್ಸಾಗಿ, ನೂರಾರು ಮಕ್ಕಳ ಕೈಯಿಂದ ಕಾಪಿ ಚೀಟಿ ಕಿತ್ತುಕೊಂಡವಳಿಗೆ ಹೀಗಾದರೆ ಹೇಗಾಗಬೇಡ?

ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡೆ. ಅನ್ನ ಬೆಚ್ಚಗಿತ್ತು, ತುಸು ಹುಳಿ. ಮೀನು ತಣ್ಣಗೆ, ಮೆತ್ತಗೆ, ನಾತವೇ ಇಲ್ಲ. ಇನ್ನೇನು ಪಾರಾದೆ ಎನ್ನುವಾಗ ಒಳಗೆ ಅಡಗಿಸಿಟ್ಟಿದ್ದ ಹಸಿರು ಖಾರವೊಂದು ನಾಲಿಗೆ ಬಿಟ್ಟು ಸೀದಾ ಮೂಗಿಗೇರಿ ನೆತ್ತಿಗೆ ಹತ್ತಿತು. ಕಣ್ಣಲ್ಲಿ ನೀರು. ಚೆನ್ನಾಗಿತ್ತು ಎಂದು ಬರೆಯಲು ನನಗೆ ಈಗಲೂ ಸಿಟ್ಟು ಬರುತ್ತದೆ. ಆದರೆ ಚೆನ್ನಾಗಿತ್ತು. ಆಮೇಲೆ ಬೀಟ್‌ರೂಟಿನಂತೆ ಕೆಂಪಗಿರುವುದು ಬಂತು, ರಬ್ಬರಿನಂತೆ ಬೆಳ್ಳಗಿರುವುದು ಬಂತು, ಬಾಯಲ್ಲಿಟ್ಟರೆ ಬೆಣ್ಣೆಯಂತೆ ಕರಗುವುದೊಂದು ಬಂತು. ಬಂದದ್ದನ್ನೆಲ್ಲ ತಿಂದೆ. ಸಿದ್ದರಾಜುವೂ ತಿಂದ. ಅವನ ಕಣ್ಣು ಮಾತ್ರ ದೊಡ್ಡಪ್ಪನ ಮುಂದಿನ ತುತ್ತಿನ ಮೇಲೇ ಇತ್ತು.

ದೊಡ್ಡಪ್ಪ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಒಕಾದಾ ಸ್ವಲ್ಪ ಹೊತ್ತು ಕಾದು, ಒಣಗಿದ ತುತ್ತನ್ನು ತೆಗೆದು, ಅದೇ ಮೀನಿನ ಹೊಸ ತುತ್ತು ಮಾಡಿ ಇಟ್ಟರು. ಮತ್ತೆ ಕಾದರು. ಮತ್ತೆ ತೆಗೆದರು. ಮತ್ತೆ ಇಟ್ಟರು. ಒಂದೊಂದು ಸಲವೂ ಅವರ ತುಟಿ ಇನ್ನಷ್ಟು ಬಿಗಿಯುತ್ತಿತ್ತು. ದೊಡ್ಡಪ್ಪನಿಗೋ ಖುಷಿಯೋ ಖುಷಿ. ನಮ್ಮಲ್ಲಿ ಬೇಡ ಬೇಡ ಎಂದಷ್ಟೂ ಬಲವಂತ ಮಾಡಿ ಬಡಿಸುವವನೇ ಮರ್ಯಾದಸ್ಥ.

"ಪರ್ವಾಗಿಲ್ಲ ಕಣವ್ವ, ಉಪಚಾರ ಗೊತ್ತೈತೆ. ಎಂಗ್ ಬಲ್ವಂತ ಮಾಡ್ತಾವ್ನೆ ನೋಡು" ಎಂದು ನನ್ನ ಕಿವಿಯಲ್ಲಿ ಉಸುರಿದರು.

"ಅದು ಉಪಚಾರ ಅಲ್ಲ ದೊಡ್ಡಪ್ಪ, ಸಿಟ್ಟು!"

ಕೊನೆಗೆ ಒಕಾದಾ ಚಾಕು ಕೆಳಗಿಟ್ಟು, ಕೈ ಒರೆಸಿಕೊಂಡು, ಸಿದ್ದರಾಜುವನ್ನು ಏನೋ ಕೇಳಿದರು. ಅವನು ಬಿಳುಚಿಕೊಂಡು ನನ್ನ ಮುಖ ನೋಡಿದ. "ನಿಜಾನೇ ಹೇಳು" ಎಂದೆ. ಅವನು ತಲೆ ತಗ್ಗಿಸಿಕೊಂಡು ಹೇಳುತ್ತಾ ಹೋದ. ನನಗೆ ಜಪಾನಿ ಬಾರದು. ಆದರೆ ಅವನ ಕೈ ಮೊದಲು ದೊಡ್ಡಪ್ಪನ ಕಡೆ, ಆಮೇಲೆ ನನ್ನ ಕಡೆ ತಿರುಗಿದ್ದು ಕಂಡಿತು. ನಾನು ಯಾಕೆ ತಿನ್ನಬಹುದು ಎಂಬುದನ್ನೂ ಹೇಳಿಬಿಟ್ಟ ಎಂದು ಗೊತ್ತಾಯಿತು.

ಒಕಾದಾ ದೊಡ್ಡಪ್ಪನ ಮುಂದಿದ್ದ ತುತ್ತನ್ನು ತೆಗೆದು ಪಕ್ಕಕ್ಕಿಟ್ಟರು. ಆಮೇಲೆ ಮೆಲ್ಲಗೆ ಒಂದೆರಡು ಮಾತಾಡಿದರು. ಸಿದ್ದರಾಜು ತನ್ನ ಲೋಟವನ್ನೇ ನೋಡುತ್ತಾ ಕೂತ.

"ಏನಂದ್ನ್ಲಾ? ಯೋಳು!" ಎಂದು ದೊಡ್ಡಪ್ಪ ಗದರಿದರು.

"ನನ್ ಮಗ್ಳೂ ಎಂಗ್ಸೇ ಅಂತಾರೆ. ನಿಮ್ ಮನೇಲಿ ಅವ್ಳು ತಿಂದ್ರೂ ಲೆಕ್ಕಕ್ಕಿರಾಕಿಲ್ವಾ ಅಂತ ಕೇಳ್ತಾವ್ರೆ. ಅಂಗಿದ್ರೆ..." ಅವನು ಮಿಚಿಕೊಳ ಕಡೆ ನೋಡಿದ. "ಅಂಗಿದ್ರೆ ಕೊಡಾಕಿಲ್ವಂತೆ."

"ಕೊಡಾಕಿಲ್ವಂತಾ?" ದೊಡ್ಡಪ್ಪ ಪೀಠದಿಂದ ಅರ್ಧ ಎದ್ದರು. ಹೆಣ್ಣಿನ ಕಡೆಯವನು ಬೇಡ ಎನ್ನಬಹುದು ಎಂಬುದು ಅವರ ತಲೆಗೆ ಹೊಳೆದೇ ಇರಲಿಲ್ಲ. "ನಾವ್ ಬ್ಯಾಡ ಅನ್ನಕ್ ಮುಂಚೆ ಇವ್ನೇ ಬ್ಯಾಡ ಅಂದ್ನಾ?"

ಸಿದ್ದರಾಜು ಹಲಗೆಯ ಮೇಲೆ ಹಣೆಯಿಟ್ಟು ಕೂತುಬಿಟ್ಟ. ಅವನನ್ನು ಹಾಗೆ ನೋಡುವುದೇ ಒಂದು ಸಂಕಟ. ಅದಕ್ಕಿಂತ ಸಂಕಟದ ಮಾತೆಂದರೆ, ಆ ಮುದುಕನ ಪ್ರಶ್ನೆ ಸರಿಯಾಗಿತ್ತು. ಆತಗೂರಿನ ಮನೆಯಲ್ಲಿ ಗಂಡಸರೆಲ್ಲ ಉಂಡು ಎದ್ದ ಮೇಲೆ ಒಲೆಯ ಮುಂದೆ ಕೂತು ಮಡಕೆಯ ತಳ ಬಳಿದು ಉಣ್ಣುವವರು ನಾವು. ಬಿ.ಎ., ಬಿ.ಎಡ್. ಮಾಡಿದ ನಾನೂ ಅಲ್ಲಿಗೆ ಹೋದರೆ ಹಾಗೇ ಉಣ್ಣುವುದು. ಸಾರು ಮುಗಿದಿದ್ದರೆ ಮಜ್ಜಿಗೆ, ಮಜ್ಜಿಗೆಯೂ ಮುಗಿದಿದ್ದರೆ ಹಸಿವಿಲ್ಲ ಎನ್ನುವುದು. ನನಗೊಬ್ಬಳು ಮಗಳಿದ್ದಿದ್ದರೆ ಆ ಮನೆಗೆ ನಾನೂ ಕೊಡುತ್ತಿರಲಿಲ್ಲ.

ತಲೆಯೆತ್ತಿದಾಗ ಮಿಚಿಕೊ ಕಂಡಳು. ನಾವು ಬಂದಾಗಿನಿಂದ ಅವಳು ನಿಂತೇ ಇದ್ದಳು. ಅಷ್ಟು ಪೀಠಗಳು ಖಾಲಿ ಬಿದ್ದಿದ್ದವು. ಅವಳ ಬಾಯಿಗೆ ಒಂದು ಅಗುಳೂ ಹೋಗಿರಲಿಲ್ಲ. ನಮ್ಮ ಲೋಟ ಅರ್ಧವಾಗುವುದನ್ನೇ ಕಾಯುತ್ತಾ, ಕಾಲು ಬದಲಿಸುತ್ತಾ ನಿಂತಿದ್ದಳು. ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಒಬ್ಬನಿಗೆ ಇನ್ನೊಬ್ಬ ಕಡಿಮೆಯಿಲ್ಲ!

"ಸಿದ್ದ, ಹೇಳು ಅವರಿಗೆ" ಎಂದೆ. ಸಿಟ್ಟು ಬಂದರೆ ನನ್ನ ಬಾಯಿಂದಲೂ ಹೈಸ್ಕೂಲಿನ ಕನ್ನಡ ಹಾರಿಹೋಗುತ್ತದೆ. "ನಮ್ಮನೇಲಿ ಎಂಗುಸ್ರು ಕೊನೇಗ್ ಉಣ್ಣದು. ನಿಜ. ಸುಳ್ ಯೋಳಾಕಿಲ್ಲ ನಾನು. ಆದ್ರೆ ಇಲ್ಲಿ? ಇಷ್ಟೊಂದ್ ಪೀಠ ಖಾಲಿ ಅವೆ. ನಿನ್ ಮಗ್ಳು ಯಾಕಪ್ಪ ನಿಂತವ್ಳೆ? ಅವ್ಳು ಇಲ್ಲಿ ಯಾವತ್ತಾದ್ರೂ ಕೂತ್ ಉಂಡವ್ಳಾ? ನಿನ್ ಲೆಕ್ಕಕ್ಕಾದ್ರೂ ಅವ್ಳು ಬತ್ತಾಳಾ? ಕೇಳ್ಲಾ!"

ಸಿದ್ದರಾಜು ಕೈ ಮುಗಿದ. "ಅಕ್ಕ, ಬೇಡ. ಇದನ್ನ ನಾನು ಹೇಳಲ್ಲ."

ಆಗ ಬಲಗಡೆಯಿಂದ ಸಣ್ಣ ದನಿಯೊಂದು ಬಂತು. "ನಾನು ಯೋಳ್ತೀನಿ ಅಕ್ಕ."

ಮಿಚಿಕೊ ಹೂಜಿಯನ್ನು ಕೆಳಗಿಟ್ಟು ಅಪ್ಪನ ಕಡೆ ತಿರುಗಿದಳು. ಮಾತು ನಡುವೆ ಎಲ್ಲೂ ನಿಲ್ಲಲಿಲ್ಲ. ನಾನು ಹೇಳಿದ್ದನ್ನಷ್ಟೇ ಹೇಳಿದಳೋ, ತನ್ನದನ್ನೂ ಸೇರಿಸಿದಳೋ ನನಗೆ ಗೊತ್ತಿಲ್ಲ. ನನ್ನ ಮಾತಿಗಿಂತ ಅದು ಬಹಳ ಉದ್ದವಾಗಿತ್ತು.

ಒಕಾದಾ ಮಗಳನ್ನು ನೋಡಿದರು. ಖಾಲಿ ಪೀಠಗಳನ್ನು ನೋಡಿದರು. ಬಟ್ಟೆ ತೆಗೆದುಕೊಂಡು, ಮೊದಲೇ ಚೊಕ್ಕಟವಾಗಿದ್ದ ಹಲಗೆಯನ್ನು ಇನ್ನೊಮ್ಮೆ ಒರೆಸಿದರು. ಆಮೇಲೆ ಒಂದೇ ಒಂದು ಮಾತು ಹೇಳಿದರು. ಅವಳು ಏಪ್ರನ್ ಬಿಚ್ಚಿ ಮಡಿಸಿಟ್ಟು ನನ್ನ ಪಕ್ಕದ ಪೀಠದಲ್ಲಿ ಬಂದು ಕೂತಳು. ಅವರು ಕೈ ತೊಳೆದು, ಅನ್ನ ತೆಗೆದು ಒತ್ತಿ, ಮೀನು ಕೂರಿಸಿ, ಮಗಳ ಮುಂದೆ ಇಟ್ಟರು. ಅವಳು ಎರಡು ಬೆರಳಲ್ಲಿ ಎತ್ತಿ ಬಾಯಿಗಿಟ್ಟುಕೊಂಡಳು. ಅವಳ ಕಣ್ಣಲ್ಲಿ ನೀರು ಬಂತು. ಅಪ್ಪನ ಅಂಗಡಿಯಲ್ಲಿ ಅವಳು ಕೂತು ತಿಂದದ್ದು ಅದೇ ಮೊದಲು ಎಂದು ಸಿದ್ದರಾಜು ಆಮೇಲೆ ಹೇಳಿದ.

ಒಕಾದಾ ಮತ್ತೊಂದು ತುತ್ತು ಮಾಡಿ ದೊಡ್ಡಪ್ಪನ ಮುಂದೆ ಇಟ್ಟರು. ಈ ಸಲ ಕಾಯುತ್ತಾ ನಿಲ್ಲಲಿಲ್ಲ. ಎರಡೂ ಕೈ ಹಲಗೆಯ ಮೇಲಿಟ್ಟು ತಲೆ ಬಗ್ಗಿಸಿದರು.

ದೊಡ್ಡಪ್ಪ ನನ್ನ ಕಡೆ ನೋಡಿದರು. ಅವರು ನನ್ನನ್ನು ಏನಾದರೂ ಕೇಳಲೆಂದು ನೋಡಿದ್ದು ನನ್ನ ನೆನಪಿನಲ್ಲಿ ಬೇರೆ ಇಲ್ಲ.

"ದೊಡ್ಡಪ್ಪ, ಇವ್ಳು ಆತಗೂರಿಗ್ ಬಂದ್ರೆ ನಿನ್ ಪಕ್ಕದಲ್ಲೇ ಎಲೆ ಹಾಕ್ಬೇಕು. ನನಗೂವೆ. ಅದಕ್ ಒಪ್ಪೋದಾದ್ರೆ ತಿನ್ನು. ಇಲ್ಲಾಂದ್ರೆ ಎದ್ದೇಳು, ಓಗನ."

 ದೊಡ್ಡಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ತುತ್ತನ್ನು ಎತ್ತಿ, ಮುದ್ದೆಯ ತುತ್ತನ್ನು ಹೇಗೋ ಹಾಗೆ, ಹಲ್ಲಿಗೆ ತಾಗಿಸದೆ ಗಂಟಲಿಗೇ ಎಸೆದು ಗುಳುಕ್ಕನೆ ನುಂಗಿಬಿಟ್ಟರು. ಜೀವಮಾನವೆಲ್ಲ ಮೀನಿನ ಮುಂದೆ ನಿಂತ ಒಕಾದಾ ಬಾಯಿ ತೆರೆದುಕೊಂಡು ನೋಡಿದರು. ಸಿದ್ದರಾಜುವನ್ನು ಗಾಬರಿಯಿಂದ ಏನೋ ಕೇಳಿದರು.

"ಅಗೀಲೇ ಇಲ್ವಲ್ಲ ಅಂತಾವ್ರೆ ದೊಡ್ಡಪ್ಪ. ರುಚಿ ಎಂಗ್ ಗೊತ್ತಾಯ್ತು ಅಂತಾವ್ರೆ."

ದೊಡ್ಡಪ್ಪ ಕೋಟಿನ ತೋಳಿನಿಂದ ಬಾಯಿ ಒರೆಸಿಕೊಂಡರು. "ರುಚಿ ನೋಡಕ್ ಇದೇನ್ ಊಟ್ವೇನ್ಲಾ? ಒಪ್ಗೆ ಕಣ್ಲಾ ಇದು. ಒಪ್ಗೆನ ಯಾರಾದ್ರೂ ಅಗೀತಾರಾ? ನುಂಗದೇಯ."

ಸಿದ್ದರಾಜು ಅದನ್ನು ಜಪಾನಿಯಲ್ಲಿ ಹೇಳಲು ಬಾಯಿ ತೆರೆದವನು ಅಳುವಿಗೋ ನಗುವಿಗೋ ಸಿಕ್ಕಿ ಹಾಗೇ ಕೂತುಬಿಟ್ಟ. ಮಿಚಿಕೊ ಅದನ್ನು ಅಪ್ಪನಿಗೆ ಹೇಳಿದಳು.